ಕರಾವಳಿಯ ತಲೆಸ್ನಾನವೂ ಕೂದಲು ಆರುವ ಕಾಲವೂ

೧

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧ, ಸಂಧಿ, ದಾನಶಾಸನ ಎಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಜನರು ಏನನ್ನು ಉಂಡರು, ಏನನ್ನು ಉಟ್ಟರು ಎಂಬ ಪ್ರಶ್ನೆಗಳಿಗೆ ವಿದ್ವಾಂಸರಿಂದ ಮನ್ನಣೆ ದೊರೆತಿದೆಯಾದರೂ, ಮಿಂದ ಮೇಲೆ ತಲೆಗೂದಲನ್ನು ಹೇಗೆ ಆರಿಸಿಕೊಂಡರು, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬುದು ಸಂಶೋಧನೆಗೆ ತಕ್ಕ ವಿಷಯವೆಂದು ಹಲವರಿಗೆ ತೋರಲಾರದು. ಆದರೆ ಸಾವಿರಾರು ಮನೆಗಳಲ್ಲಿ, ವಾರಕ್ಕೆ ಒಂದೆರಡು ಸಲವಾದರೂ, ತಲೆಮಾರುಗಳ ಕಾಲ ನಡೆದುಬಂದ ಕೆಲಸವೊಂದು ಚರಿತ್ರೆಯ ಹೊರಗೆ ಇರುವುದು ಹೇಗೆ?

ಮಂಗಳೂರಿನ ಬಲ್ಮಠದ ಗುಡ್ಡವನ್ನು ಜೂನ್ ತಿಂಗಳ ಬೆಳಗಿನಲ್ಲಿ ಏರಿ ಬರುವವರಿಗೆ ಈ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಶಾಲೆ ಕಾಲೇಜುಗಳು ತೆರೆಯುವುದೂ ಮುಂಗಾರು ಹಿಡಿಯುವುದೂ ಇಲ್ಲಿ ಒಂದೇ ಕಾಲಕ್ಕೆ. ಕೊಡೆ ಹಿಡಿದು ಬರುವ ವಿದ್ಯಾರ್ಥಿನಿಯರಲ್ಲಿ ಅನೇಕರ ಜಡೆ ಹೊರಗೆ ಆರಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಬೆಳಿಗ್ಗೆ ಮಿಂದ ಕೂದಲು ಪಾಠದ ಹೊತ್ತಿಗೆ ಆರದು. ಆರುವವರೆಗೆ ಕಾದರೆ ಪಾಠ ತಪ್ಪುತ್ತದೆ. ಇದು ಸಣ್ಣ ತೊಂದರೆಯೆಂದು ತಳ್ಳಿಬಿಡಬಹುದು. ಆದರೆ ಇದರ ಹಿಂದೆ ಒಂದು ದೀರ್ಘವಾದ ಕಥೆಯಿದೆ.

ಪ್ರಕೃತ ಪ್ರಬಂಧದಲ್ಲಿ ಮೂರು ವಿಷಯಗಳನ್ನು ಪ್ರತಿಪಾದಿಸಲು ಯತ್ನಿಸಲಾಗಿದೆ. ಕೂದಲು ಆರುವ ಕಾಲವು ಗಾಳಿಯ ಸ್ಥಿತಿಯನ್ನು ಮಾತ್ರವಲ್ಲದೆ ಕೂದಲಿನ ಸ್ಥಿತಿಯನ್ನೂ ಅವಲಂಬಿಸಿದೆ ಎಂಬುದು ಮೊದಲನೆಯದು. ಕರಾವಳಿಯ ಹಳೆಯ ಸ್ನಾನಪದ್ಧತಿಯು ಈ ಎರಡನ್ನೂ ಗಮನಿಸಿ ರೂಪುಗೊಂಡಿತ್ತು ಎಂಬುದು ಎರಡನೆಯದು. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಸಾಬೂನು ಮತ್ತು ಗಡಿಯಾರ ಎರಡೂ ಸೇರಿ ಆ ಪದ್ಧತಿಯನ್ನು ಸಡಿಲಿಸಿದವು, ಅದರ ಭಾರ ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ ಬಿದ್ದಿತು ಎಂಬುದು ಮೂರನೆಯದು.

೨

ಮೊದಲು ಮಾತಿನಿಂದಲೇ ಆರಂಭಿಸೋಣ. ಇದೇ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೆರ್ಮನ್ ಮೋಗ್ಲಿಂಗ್ ೧೮೪೩ರಲ್ಲಿ ಹೊರಡಿಸಿದ್ದು ಮಂಗಳೂರಿನಿಂದಲೇ. ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಇದೇ ಊರಿನಿಂದ ಪ್ರಕಟವಾಯಿತು. ಅದಕ್ಕೆ ಎಂಟು ವರ್ಷ ಮೊದಲು, ೧೮೮೬ರಲ್ಲಿ, ಮೆನ್ನರ್ ಅವರ ತುಳು ನಿಘಂಟು ಬಂದಿತ್ತು. ಅಂಟುವಾಳ, ಸೀಗೆಗಳಂಥ ಬಚ್ಚಲುಮನೆಯ ಪದಗಳು ಪಂಪ ರನ್ನರ ಪದಗಳೊಡನೆ ಒಂದೇ ಗ್ರಂಥದಲ್ಲಿ ಸ್ಥಾನ ಪಡೆದುದು ಕಿಟ್ಟೆಲ್ ಅವರ ನಿಘಂಟಿನ ಹಿರಿಮೆಗಳಲ್ಲೊಂದು.

ನೀರು ಹೋಗುವುದನ್ನು ಹೇಳಲು ಕನ್ನಡದಲ್ಲಿ ಎರಡು ಮುಖ್ಯ ಕ್ರಿಯಾಪದಗಳಿವೆ: ‘ಆರು’ ಮತ್ತು ‘ಒಣಗು’. ಹಳಗನ್ನಡದಲ್ಲಿ ಶಕಟರೇಫದಿಂದ ಬರೆಯುತ್ತಿದ್ದ ‘ಆರು’ ಎಂಬುದಕ್ಕೆ ಹಸಿ ಹೋಗು, ತಣ್ಣಗಾಗು, ನಂದು, ಗಾಯ ಮಾಯು ಎಂಬ ಅರ್ಥಗಳುಂಟು. ‘ಒಣಗು’ ಎಂಬುದು ಒಳಗಿನ ಸಾರವೂ ಹೋಗಿ ಬತ್ತುವುದನ್ನು ಸೂಚಿಸುತ್ತದೆ. ಒಣಗಿದ ಮರ, ಒಣಗಿದ ಕೊಬ್ಬರಿ, ಒಣಮೀನು ಎನ್ನುತ್ತೇವೆ. ಬಟ್ಟೆಗೆ ಎರಡು ಮಾತೂ ಸಲ್ಲುತ್ತವೆ. ತಲೆಗೂದಲಿನ ವಿಷಯದಲ್ಲಿ ಹಿರಿಯರ ಬಾಯಲ್ಲಿ ಹೆಚ್ಚಾಗಿ ಬರುವ ಮಾತು ‘ಆರಿಸಿಕೊಳ್ಳುವುದು’. ಕೂದಲು ಒಣಗಿದೆ ಎಂದರೆ ಹಲವೊಮ್ಮೆ ಅದು ಎಣ್ಣೆಯಿಲ್ಲದೆ ಒರಟಾಗಿದೆ, ಸೊರಗಿದೆ ಎಂಬ ಆಕ್ಷೇಪ. ಕೂದಲು ಆರಬೇಕು, ಆದರೆ ಒಣಗಬಾರದು ಎಂಬ ವಿವೇಕ ಈ ಬಳಕೆಯಲ್ಲಿ ಅಡಗಿದೆ. ವಿಜ್ಞಾನವು ಈ ಭೇದವನ್ನು ಹೇಗೆ ಸಮರ್ಥಿಸುತ್ತದೆ ಎಂಬುದನ್ನು ಈಗ ನೋಡಬಹುದು.

೩

ಕೂದಲಿನ ಎಳೆ ಮಿಲಿಮೀಟರಿನ ನೂರರಲ್ಲಿ ಐದರಿಂದ ಹತ್ತು ಭಾಗದಷ್ಟು ದಪ್ಪ. ಒಂದು ತಲೆಯಲ್ಲಿ ಅಂಥ ಎಳೆಗಳು ಸುಮಾರು ಒಂದು ಲಕ್ಷ. ಪ್ರತಿ ಎಳೆಯ ಹೊರಮೈಯಲ್ಲಿ ತೆಳುವಾದ ಬಿಲ್ಲೆಗಳು ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಮಂಗಳೂರಿನ ಓದುಗರಿಗೆ ಇದನ್ನು ವಿವರಿಸುವುದು ಸುಲಭ: ಇದು ಹೆಂಚಿನ ಮಾಡು ಇದ್ದಂತೆ. ಈ ಹೆಂಚುಗಳ ಮೇಲೆ ನೀರನ್ನು ದೂಡುವ ಅತಿ ತೆಳುವಾದ ಜಿಡ್ಡಿನ ಲೇಪವೊಂದು ಹುಟ್ಟಿನಿಂದಲೇ ಇರುತ್ತದೆ. ಮಾಡಿನ ಕೆಳಗೆ, ಕೆರಟಿನ್ ಎಂಬ ಸಸಾರಜನಕದಿಂದಾದ ತಿರುಳು ಇದೆ. ತಿರುಳಿಗೆ ನೀರಿನ ಮೇಲೆ ಬಹಳ ಮೋಹ. ಸಂಪೂರ್ಣವಾಗಿ ನೆನೆದಾಗ ಕೂದಲು ತನ್ನ ತೂಕದ ಸುಮಾರು ನೂರಕ್ಕೆ ಮೂವತ್ತು ಭಾಗ ನೀರನ್ನು ಒಳಕ್ಕೆ ಹೀರುತ್ತದೆ. ಆಗ ಅದರ ದಪ್ಪ ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚಿದರೆ ಉದ್ದ ನೂರಕ್ಕೆ ಎರಡರಷ್ಟು ಮಾತ್ರ ಹೆಚ್ಚುತ್ತದೆ.

ಆದುದರಿಂದ ಒದ್ದೆತಲೆಯಲ್ಲಿ ಎರಡು ಬಗೆಯ ನೀರು ಇರುತ್ತದೆ. ಎಳೆ ಎಳೆಗಳ ನಡುವೆ ನಿಂತ ನೀರು ಒಂದು. ಎಳೆಯ ಒಳಗೆ ಸೇರಿದ ನೀರು ಇನ್ನೊಂದು. ಮೊದಲನೆಯದನ್ನು ಬೈರಾಸಿನಿಂದ ಒರೆಸಬಹುದು, ಹಿಂಡಬಹುದು. ಉಳಿದುದು ಗಾಳಿಗೆ ಒಂದೇ ವೇಗದಲ್ಲಿ ಆವಿಯಾಗಿ ಹೋಗುತ್ತದೆ. ಎರಡನೆಯದು ತಿರುಳಿನಿಂದ ಮೆಲ್ಲಮೆಲ್ಲನೆ ಹೊರಕ್ಕೆ ಬರಬೇಕು; ಬರುಬರುತ್ತ ಅದರ ವೇಗ ಇಳಿಯುತ್ತದೆ. ಗಿಯೋರ್ಗ್ ಪ್ಲೆಬ್ಸ್ಟ್ ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಈ ಊರಿನ ಕೆಲಸಗಾರರಿಗೆ ಪರಿಚಿತವಾದ ಸಂಗತಿಯೇ ಇದು. ಹಸಿ ಹೆಂಚಿನ ಹೊರಗಿನ ನೀರು ಬೇಗ ಹೋಗುತ್ತದೆ, ಒಳಗಿನದು ದಿನಗಳನ್ನು ಬೇಡುತ್ತದೆ. ಅವಸರಪಡಿಸಿದರೆ ಹೆಂಚು ಬಿರಿಯುತ್ತದೆ.

ಕೂದಲಿನ ಸ್ವರೂಪಕ್ಕೆ ತಕ್ಕಂತೆ ಈ ಕಾಲ ಬದಲಾಗುತ್ತದೆ. ಒತ್ತಾದ ಕೂದಲಿನಲ್ಲಿ ಗಾಳಿಯಾಡದು. ನವಿರಾದ ಕೂದಲು ಒದ್ದೆಯಾದಾಗ ಒಂದಕ್ಕೊಂದು ಅಂಟಿ ಗೊಂಚಲಾಗಿ ನಡುವೆ ನೀರನ್ನು ಹಿಡಿದಿಡುತ್ತದೆ. ಗುಂಗುರು ಕೂದಲಿನ ಸುರುಳಿಗಳಲ್ಲಿ ನಿಂತ ನೀರಿಗೆ ಬಟ್ಟೆ ಎಟುಕದು. ನೆತ್ತಿಯ ಸಹಜವಾದ ಜಿಡ್ಡೂ ಸುರುಳಿಗಳನ್ನು ಹಾದು ತುದಿಯವರೆಗೆ ಹರಿಯದು. ನೀಳವಾದ ಕೂದಲಿನ ಸಮಸ್ಯೆ ಬೇರೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಸೊಂಟ ಮುಟ್ಟುವ ಜಡೆಯ ತುದಿ ಹೊರಗೆ ಬಂದು ಆರು ವರ್ಷಗಳಾಗಿರುತ್ತವೆ, ಅಂದರೆ ಅದು ಆರು ಮಳೆಗಾಲ ಕಂಡ ತುದಿ. ಆರು ವರ್ಷಗಳ ಬಿಸಿಲು, ಬಾಚಣಿಗೆ, ತಿಕ್ಕಾಟಗಳಿಂದ ಅಲ್ಲಿನ ಹೆಂಚುಗಳು ಒಡೆದು ಲೇಪ ಸವೆದಿರುತ್ತದೆ. ಸೋರುವ ಮಾಡಿನೊಳಗೆ ನೀರು ಇಳಿಯುವಂತೆ ಇಂಥ ಕೂದಲಿನೊಳಗೆ ನೀರು ಬೇಗ ಇಳಿಯುತ್ತದೆ, ಹೆಚ್ಚು ಇಳಿಯುತ್ತದೆ.

ಕೆಟ್ಟ ಕೂದಲು ನೀರನ್ನು ಬೇಗ ಹೀರುವಂತೆ ಬೇಗ ಬಿಟ್ಟುಬಿಡುವುದೂ ಉಂಟಲ್ಲವೇ ಎಂಬ ಆಕ್ಷೇಪಣೆ ಇಲ್ಲಿ ಬರಬಹುದು. ಒಂದೇ ಎಳೆಯನ್ನು ತೆಗೆದುಕೊಂಡರೆ ಅದರಲ್ಲಿ ಸತ್ಯಾಂಶವಿದೆ. ಆದರೆ ತಲೆಯೆಂಬುದು ಒಂದು ಎಳೆಯಲ್ಲ. ಜಿಡ್ಡಿನ ಲೇಪ ಕಳೆದುಕೊಂಡ ಎಳೆಗಳ ಮೈಗೆ ನೀರು ಹನಿಯಾಗಿ ಉರುಳದೆ ಪೊರೆಯಾಗಿ ಅಂಟುತ್ತದೆ. ಸಿಕ್ಕಾದ ಎಳೆಗಳು ಒತ್ತಾಗಿ ಕೂಡಿ ಗಾಳಿಯನ್ನು ತಡೆಯುತ್ತವೆ. ಒಟ್ಟು ಹೊತ್ತು ಹೆಚ್ಚಾಗುವುದು ಇದರಿಂದ.

ಕೂದಲಿಗೂ ಗಾಳಿಯ ತೇವಕ್ಕೂ ಇರುವ ನಂಟನ್ನು ಶಾಸ್ತ್ರೀಯವಾಗಿ ಅಳೆದ ಕೀರ್ತಿ ಜಿನೀವಾ ನಗರದ ಸೋಸ್ಯೂರ್ ಎಂಬ ವಿದ್ವಾಂಸನದು. ೧೭೮೩ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆತ ಮನುಷ್ಯನ ಕೂದಲನ್ನೇ ಬಳಸಿ ರಚಿಸಿದ ಆರ್ದ್ರತಾಮಾಪಕವನ್ನು ವರ್ಣಿಸಿದ್ದಾನೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಇಳಿದರೆ ಕುಗ್ಗುತ್ತದೆ. ಆ ಚಲನೆಯನ್ನು ಮುಳ್ಳೊಂದು ತೋರಿಸುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಆ ಯಂತ್ರದ ಪೂರ್ವಸಿದ್ಧತೆ. ಕೂದಲನ್ನು ಅದರಲ್ಲಿ ಕಟ್ಟುವ ಮೊದಲು ಸೋಡಾಕ್ಷಾರದ ನೀರಿನಲ್ಲಿ ಕುದಿಸಿ ಅದರ ಜಿಡ್ಡನ್ನೆಲ್ಲ ತೆಗೆಯಬೇಕು. ಜಿಡ್ಡು ಇರುವವರೆಗೆ ಕೂದಲು ಗಾಳಿಯ ತೇವಕ್ಕೆ ಬೇಗ ಓಗೊಡುವುದಿಲ್ಲ. ತೇವವನ್ನು ಅಳೆಯಬೇಕಾದವನು ಕೂದಲಿನ ಎಣ್ಣೆಯನ್ನು ತೆಗೆದನು. ತೇವದಿಂದ ಪಾರಾಗಬೇಕಾದ ಕರಾವಳಿಯ ಗೃಹಿಣಿಯು ಕೂದಲಿಗೆ ಎಣ್ಣೆಯನ್ನು ಹಚ್ಚಿದಳು. ಇಬ್ಬರೂ ತಿಳಿದಿದ್ದ ತತ್ತ್ವ ಒಂದೇ.

೪

ಸ್ನಾನಾನಂತರ ಕೂದಲನ್ನು ಆರಿಸುವುದು ಒಂದು ಕಲೆಯೆಂಬ ಭಾವನೆ ನಮ್ಮ ಪ್ರಾಚೀನ ವಾಙ್ಮಯದಲ್ಲಿ ಸ್ಪಷ್ಟವಾಗಿದೆ. ಕಾಳಿದಾಸನ ಮೇಘದೂತದಲ್ಲಿ ಉಜ್ಜಯಿನಿಯ ಮನೆಗಳ ಗವಾಕ್ಷಗಳಿಂದ ಕೇಶಸಂಸ್ಕಾರದ ಧೂಪ ಹೊರಹೊಮ್ಮಿ ಮೇಘದ ಮೈಯನ್ನು ತುಂಬುತ್ತದೆ. ರಘುವಂಶದ ೧೬ನೆಯ ಸರ್ಗದಲ್ಲಿ ಗ್ರೀಷ್ಮದ ವರ್ಣನೆಯ ಸಂದರ್ಭದಲ್ಲಿ ಕವಿ ಇದರ ಕ್ರಮವನ್ನೇ ಸೂಚಿಸಿದ್ದಾನೆ: ಸ್ನಾನದಿಂದ ಒದ್ದೆಯಾದ ಕೂದಲನ್ನು ಬಿಚ್ಚಿ ಬಿಡುವುದು, ಆಮೇಲೆ ಧೂಪದಿಂದ ವಾಸನೆ ಕಟ್ಟುವುದು, ಕೊನೆಯಲ್ಲಿ ಸಂಜೆಯ ಮಲ್ಲಿಗೆಯನ್ನು ಮುಡಿಯುವುದು. ಹೂವು ಕೊನೆಗೆ ಬರುವುದು ಆಕಸ್ಮಿಕವಲ್ಲ. ಹಸಿಗೂದಲಿನಲ್ಲಿ ಮಲ್ಲಿಗೆ ಬೇಗ ಕಂದುತ್ತದೆಂಬುದನ್ನು ನಮ್ಮ ಕರಾವಳಿಯ ಹೆಂಗಸರು ಇಂದಿಗೂ ಬಲ್ಲರು.

ವೈದ್ಯಗ್ರಂಥಗಳ ಸಾಕ್ಷ್ಯವೂ ಗಮನಾರ್ಹವಾಗಿದೆ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯವೂ, ವಿಶೇಷವಾಗಿ ತಲೆ, ಕಿವಿ, ಪಾದಗಳಿಗೆ ಮಾಡಬೇಕೆಂಬ ವಿಧಿಯಿದೆ. ಬಿಸಿನೀರನ್ನು ಕೊರಳಿನಿಂದ ಕೆಳಗೆ ಎರೆದುಕೊಂಡರೆ ಬಲವೆಂದೂ ತಲೆಗೆ ಎರೆದುಕೊಂಡರೆ ಕೂದಲಿಗೂ ಕಣ್ಣಿಗೂ ಕೇಡೆಂದೂ ಅದೇ ಅಧ್ಯಾಯ ಎಚ್ಚರಿಸುತ್ತದೆ. ಅತಿಬಿಸಿಯಾದ ನೀರು ಜಿಡ್ಡನ್ನು ಕರಗಿಸಿ ಒಯ್ಯುವುದನ್ನು ನೆನೆದರೆ, ಕೂದಲಿನ ಮಟ್ಟಿಗಾದರೂ ಈ ಮಾತು ಅನುಭವಕ್ಕೆ ಹೊಂದುತ್ತದೆ.

ಕನ್ನಡನಾಡಿನ ಅರಸುಮನೆಯ ಚಿತ್ರ ನಮಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ದೊರೆಯುತ್ತದೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥವು ಸ್ನಾನವನ್ನು ಅರಸನ ಭೋಗಗಳಲ್ಲಿ ಒಂದೆಂದು ಗಣಿಸಿ, ಹೂವುಗಳಿಂದ ವಾಸನೆ ಕಟ್ಟಿದ ಎಣ್ಣೆಗಳನ್ನೂ ಮರ್ದನವನ್ನೂ ವರ್ಣಿಸುತ್ತದೆ. ಅದಕ್ಕೂ ಸುಮಾರು ನೂರು ವರ್ಷ ಮೊದಲು ಚಾವುಂಡರಾಯನು ಕನ್ನಡದಲ್ಲಿಯೇ ಬರೆದ ಲೋಕೋಪಕಾರದಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೆ ಸ್ಥಾನವಿದೆ. ಆದರೆ ಇವೆಲ್ಲ ಒಣಹವೆಯ ಬಯಲುಸೀಮೆಯಲ್ಲಿ, ಸೇವಕರ ನಡುವೆ ಮಿಂದವರ ಕಥೆಗಳು. ಕರಾವಳಿಯ ಸಾಮಾನ್ಯ ಮನೆಗೆ ಗಾಳಿಯೇ ಪ್ರತಿಕೂಲವಾಗಿತ್ತು.

೫

ಮಂಗಳೂರಿನಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಈ ಕಾಲದಲ್ಲಿ ಕೂದಲು ಆರುವುದೆಂದರೆ ಏನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೨೭ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿ ಹೆಚ್ಚೆಂದರೆ ಸುಮಾರು ೨೬ ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ಆಟಿ ತಿಂಗಳ ಮಳೆಯಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ ತೊಂಬತ್ತಿದ್ದರೆ ಅದರಲ್ಲಿ ೨೩ ಗ್ರಾಂ ಆಗಲೇ ತುಂಬಿರುತ್ತದೆ. ಉಳಿದ ತೆರಪು ೩ ಗ್ರಾಮಿಗೂ ಕಡಿಮೆ. ಬೇಸಗೆಯ ಹೊಸ್ತಿಲಿನ ಒಂದು ಮಧ್ಯಾಹ್ನ ೩೨ ಡಿಗ್ರಿ ಉಷ್ಣತೆಯೂ ನೂರಕ್ಕೆ ಅರವತ್ತು ಆರ್ದ್ರತೆಯೂ ಇದ್ದರೆ ತೆರಪು ೧೩ ಗ್ರಾಮಿಗೂ ಹೆಚ್ಚು. ಗಾಳಿಯ ಬೀಸು ಒಂದೇ ಎಂದಿಟ್ಟುಕೊಂಡರೆ, ಬೇಸಗೆಯಲ್ಲಿ ಒಂದು ಗಂಟೆಯಲ್ಲಿ ಆರುವ ತಲೆಗೆ ಆಟಿಯಲ್ಲಿ ಸ್ಥೂಲವಾಗಿ ಐದು ಗಂಟೆ ಬೇಕು. ಅಷ್ಟಾದರೂ ಪೂರ್ಣವಾಗಿ ಆರುವುದಿಲ್ಲ. ಅಂಥ ಗಾಳಿಯಲ್ಲಿ ಕೂದಲು ತನ್ನ ತೂಕದ ನೂರಕ್ಕೆ ಇಪ್ಪತ್ತಕ್ಕೂ ಮೀರಿದ ನೀರನ್ನು ಒಳಗೆ ಉಳಿಸಿಕೊಂಡೇ ಇರುತ್ತದೆ.

ಈ ಕಷ್ಟಕ್ಕೆ ಕರಾವಳಿಯ ಮನೆಗಳು ಕಂಡುಕೊಂಡ ಪರಿಹಾರವು ಮೂರು ಹಂತಗಳದ್ದು. ನೀರು ಒಳಕ್ಕೆ ಹೋಗದಂತೆ ಮೊದಲೇ ತಡೆಯುವುದು, ತೊಳೆಯುವಾಗ ಮಾಡನ್ನು ಕೆಡಿಸದಿರುವುದು, ಆಮೇಲೆ ಗಾಳಿಯನ್ನು ಬೆಚ್ಚಗೆ ಮಾಡುವುದು.

ಮೊದಲನೆಯ ಹಂತ ತೆಂಗಿನೆಣ್ಣೆ. ಸ್ನಾನಕ್ಕೆ ಮೊದಲು, ಎಷ್ಟೋ ವೇಳೆ ಹಿಂದಿನ ರಾತ್ರಿಯೇ, ತಲೆಗೆ ಎಣ್ಣೆ ತಟ್ಟುವ ರೂಢಿಯಿತ್ತು. ಇದನ್ನು ಕೇವಲ ತಂಪಿನ ಉಪಾಯವೆಂದು ತಿಳಿಯಲಾಗದು. ಭಾರತೀಯ ಸಂಶೋಧಕರಾದ ರೇಲೆ ಮತ್ತು ಮೊಹಿಲೆ ೨೦೦೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಖನಿಜತೈಲ, ಸೂರ್ಯಕಾಂತಿ ಎಣ್ಣೆ, ತೆಂಗಿನೆಣ್ಣೆಗಳನ್ನು ಹೋಲಿಸಿ, ಕೂದಲಿನಿಂದ ಸಸಾರಜನಕ ಸೋರಿಹೋಗುವುದನ್ನು ಗಣನೀಯವಾಗಿ ತಡೆದುದು ತೆಂಗಿನೆಣ್ಣೆಯೊಂದೇ ಎಂದು ತೋರಿಸಿದ್ದಾರೆ. ಅದರ ಮುಖ್ಯಾಂಶವಾದ ಲಾರಿಕ್ ಆಮ್ಲದ ಅಣು ನೇರವೂ ಸಣ್ಣದೂ ಆದುದರಿಂದ ಅದು ಎಳೆಯ ಒಳಕ್ಕೆ ಇಳಿಯಬಲ್ಲುದು. ಇಳಿದ ಎಣ್ಣೆ ಅಷ್ಟರಮಟ್ಟಿಗೆ ನೀರಿನ ಪ್ರವೇಶವನ್ನು ತಡೆದು ಕೂದಲು ಉಬ್ಬುವುದನ್ನು ಕಡಿಮೆ ಮಾಡುತ್ತದೆ. ಒಳಗೆ ಹೋಗದ ನೀರನ್ನು ಆರಿಸಬೇಕಾದ ಅಗತ್ಯವೂ ಇಲ್ಲ. ಕೂದಲು ಆರುವ ಕಾಲದ ಒಂದು ಭಾಗ ನಿಶ್ಚಯವಾಗುತ್ತಿದ್ದುದು ಸ್ನಾನಕ್ಕೆ ಮೊದಲೇ, ಎಣ್ಣೆಯ ಗಿಂಡಿಯ ಬಳಿಯಲ್ಲಿ.

ಎರಡನೆಯ ಹಂತದ ಸಾಧನಗಳು ಅಂಟುವಾಳ, ಸೀಗೆಯ ಪುಡಿ, ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಗೊಂಪು ಅಥವಾ ಲೋಳೆ. ಅಂಟುವಾಳ ಮತ್ತು ಸೀಗೆಗಳ ನೊರೆಗೆ ಕಾರಣವಾದ ಸಾಪೊನಿನ್ ಎಂಬ ವಸ್ತುವು ಹೆಚ್ಚಾದ ಎಣ್ಣೆಯನ್ನು ಎತ್ತುತ್ತದೆ; ಆದರೆ ಅವುಗಳ ನೀರು ಕ್ಷಾರೀಯವಲ್ಲ, ತುಸು ಆಮ್ಲೀಯ. ಆಮ್ಲದಲ್ಲಿ ಕೂದಲಿನ ಹೆಂಚುಗಳು ಮುಚ್ಚಿಕೊಂಡಿರುತ್ತವೆ, ಕ್ಷಾರದಲ್ಲಿ ಏಳುತ್ತವೆ. ಗೊಂಪಿನ ನುಣುಪಿನಿಂದ ಎಳೆಗಳು ಸಿಕ್ಕಾಗದೆ ಜಾರುತ್ತವೆ. ಸಿಕ್ಕಿಲ್ಲದ ಕೂದಲನ್ನು ಬಿಡಿಸಿ ಹರಡಿದರೆ ಗಾಳಿಯಾಡುತ್ತದೆ.

ಮೂರನೆಯ ಹಂತ ಬೆಂಕಿ. ಬಚ್ಚಲ ಹಂಡೆಯ ಕೆಳಗೆ ತೆಂಗಿನ ಸಿಪ್ಪೆ, ಒಣಮಡಲುಗಳ ಕೆಂಡ ಇದ್ದೇ ಇರುತ್ತಿತ್ತು. ಬೈರಾಸಿನಿಂದ ತಲೆಯನ್ನು ಕಟ್ಟಿ ನೀರು ಹೀರಿಸಿದ ಮೇಲೆ, ಕೂದಲನ್ನು ಕೊಡಹಿ, ತುದಿಯಲ್ಲಿ ಒಂದು ಗಂಟು ಹಾಕಿ ಒಲೆಯ ಬಳಿ ಬೆನ್ನು ತಿರುಗಿಸಿ ಕುಳಿತುಕೊಳ್ಳುವುದು ಮಳೆಗಾಲದ ವಾಡಿಕೆ. ಬಾಣಂತಿಯರಿಗೂ ಮಕ್ಕಳಿಗೂ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬುಟ್ಟಿಯನ್ನು ಮಗುಚಿ, ಅದರ ಮೇಲೆ ಕೂದಲನ್ನು ಹರಡುತ್ತಿದ್ದರು. ಇದರ ಬೆಲೆಯನ್ನು ಮೇಲಿನ ಲೆಕ್ಕದಿಂದಲೇ ಅರಿಯಬಹುದು. ಅದೇ ಆಟಿಯ ಗಾಳಿಯನ್ನು ೨೭ರಿಂದ ೩೭ ಡಿಗ್ರಿಗೆ ಕಾಯಿಸಿದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು ೪೪ ಗ್ರಾಮಿಗೆ ಏರುತ್ತದೆ. ತೆರಪು ಮೂರಕ್ಕಿಂತ ಕಡಿಮೆಯಿದ್ದುದು ಇಪ್ಪತ್ತರಷ್ಟಾಗುತ್ತದೆ. ಕಾಳಿದಾಸನ ನಾಯಿಕೆಯರ ಧೂಪವು ಶೃಂಗಾರದ ಅಂಗವಾಗಿದ್ದರೆ ಕರಾವಳಿಯ ಧೂಪವು ಅವಶ್ಯಕತೆಯಾಗಿತ್ತು. ಆದರೆ ಈ ಪದ್ಧತಿಯನ್ನು ಪೂರ್ಣವಾಗಿ ಕೊಂಡಾಡುವುದೂ ಯುಕ್ತವಲ್ಲ. ಮುಚ್ಚಿದ ಕೋಣೆಯ ಕೆಂಡದ ಹೊಗೆ ತಾಯಿಯ ಮತ್ತು ಶಿಶುವಿನ ಶ್ವಾಸಕೋಶಗಳಿಗೆ ಅಪಾಯಕರವೆಂಬುದು ಇಂದು ಸಂದೇಹವಿಲ್ಲದ ಸಂಗತಿ.

ಕಾಲದ ಆಯ್ಕೆಯೂ ಪದ್ಧತಿಯ ಭಾಗವೇ ಆಗಿತ್ತು. ಹೆಂಗಸರ ತಲೆಸ್ನಾನಕ್ಕೆ ಮಂಗಳವಾರ, ಶುಕ್ರವಾರ ಎಂದು ವಾರಗಳನ್ನು ಗೊತ್ತುಮಾಡಿದ್ದರಿಂದ ಆ ಬೆಳಗಿನ ಹೊತ್ತನ್ನು ಮನೆಯ ಕೆಲಸಗಳಿಂದ ತುಸುವಾದರೂ ಬಿಡಿಸಿಕೊಳ್ಳಲು ಅವಕಾಶವಿತ್ತು. ವರ್ಷದ ದೊಡ್ಡ ಎಣ್ಣೆಸ್ನಾನವಾದ ನರಕಚತುರ್ದಶಿ ಬರುವುದು ಮುಂಗಾರು ಹಿಮ್ಮೆಟ್ಟಿದ ಮೇಲೆ. ಅದರ ಧಾರ್ಮಿಕ ಕಾರಣ ಬೇರೆಯಿರಬಹುದು. ಆದರೆ ಬೆಳಗಿನ ಜಾವದಲ್ಲಿ ಮಿಂದ ತಲೆ ಬಿಸಿಲೇರುವ ಹೊತ್ತಿಗೆ ಆರುವ ಭರವಸೆ ಆ ಕಾಲದಲ್ಲಿ ಮರಳುತ್ತದೆ ಎಂಬುದನ್ನು ಮರೆಯಲಾಗದು.

೬

ಇಷ್ಟನ್ನು ಹೇಳಿದ ಮೇಲೆ, ಈ ಪದ್ಧತಿ ಯಾರದು ಎಂಬ ಪ್ರಶ್ನೆಯನ್ನು ಚರಿತ್ರಕಾರನು ಕೇಳಲೇಬೇಕು. ಎಣ್ಣೆ, ಸೌದೆ, ಮೂರು ಗಂಟೆಯ ಬಿಡುವು, ಇವು ಎಲ್ಲರಿಗೂ ಸಮನಾಗಿ ದೊರಕಿದ ವಸ್ತುಗಳಲ್ಲ. ಹಂಡೆಗೆ ನೀರು ಸೇದಿದವಳು, ಮಡಲು ಹೊತ್ತು ತಂದವಳು ತನ್ನ ಕೂದಲನ್ನು ಒಲೆಯ ಮುಂದೆ ಕುಳಿತು ಆರಿಸಿಕೊಂಡಳೆಂದು ಹೇಳಲಾಗದು. ಗೊರಬು ಹೊದ್ದು ನೇಜಿ ನೆಡುತ್ತಿದ್ದ ಹೆಂಗಸಿನ ತಲೆ ಮಳೆಗಾಲದುದ್ದಕ್ಕೂ ಹಸಿಯಾಗಿಯೇ ಇರುತ್ತಿತ್ತು. ಬಲ್ಮಠದಲ್ಲಿ ೧೮೫೧ರಲ್ಲಿ ಆರಂಭವಾದ ನೇಯ್ಗೆಯ ಕೆಲಸ, ಅನಂತರದ ಹೆಂಚಿನ ಕಾರ್ಖಾನೆಗಳು ಈ ಊರಿಗೆ ಹೊಸದೊಂದು ದಿನಚರಿಯನ್ನು ತಂದವು. ಕೆಲಸದ ಹೊತ್ತನ್ನು ಸೂರ್ಯನಲ್ಲ, ಗಂಟೆ ನಿರ್ಣಯಿಸತೊಡಗಿತು. ಹೆಂಚಿನ ಕಾರ್ಖಾನೆಗಳಲ್ಲಿ ಹೆಣ್ಣಾಳುಗಳ ಸಂಖ್ಯೆ ದೊಡ್ಡದಾಗಿತ್ತು. ವಾರದ ನಡುವಿನ ದಿನಗಳಲ್ಲಿ ದುಡಿಯುವವಳಿಗೆ ಮಂಗಳವಾರ, ಶುಕ್ರವಾರಗಳ ನಿಯಮ ಹೆಸರಿಗೆ ಮಾತ್ರ ಉಳಿಯಬಲ್ಲುದು. ತಲೆಸ್ನಾನ ರಜೆಯ ದಿನಕ್ಕೆ ಸರಿಯಲೇಬೇಕು. ಹೆಂಚುಗಳು ಆರಲು ಕಾರ್ಖಾನೆಯಲ್ಲಿ ದಿನಗಳು ಮೀಸಲಾಗಿದ್ದವು. ಅವನ್ನು ಹೊತ್ತವಳ ಕೂದಲಿಗೆ ಹೊತ್ತು ಮೀಸಲಿರಲಿಲ್ಲ.

ಮೇಲ್ಜಾತಿಗಳ ಮನೆಗಳಲ್ಲಿ ಕೂಡ ಕೂದಲಿನ ಈ ಆರೈಕೆ ಎಲ್ಲ ಹೆಂಗಸರ ಪಾಲಿಗೆ ಬರಲಿಲ್ಲ. ಕೇಶವಪನದ ಕ್ರೂರರೂಢಿಗೆ ಸಿಕ್ಕಿದ ವಿಧವೆಯರಿಗೆ ಎಣ್ಣೆಯೂ ಇಲ್ಲ, ಧೂಪವೂ ಇಲ್ಲ, ಮಲ್ಲಿಗೆಯೂ ಇಲ್ಲ. ಈ ಅಂಶವನ್ನು ಬಿಟ್ಟು ಹಳೆಯ ಎಣ್ಣೆಸ್ನಾನದ ಸೊಗಸನ್ನು ಮಾತ್ರ ವರ್ಣಿಸಿದರೆ ಅದು ಚರಿತ್ರೆಯಾಗದು.

೭

ಕಾರ್ಖಾನೆಯ ಗಂಟೆಯಂತೆ ಶಾಲೆಯ ಗಂಟೆಯೂ ಬಂದಿತು. ಮಂಗಳೂರಿನಲ್ಲಿ ಕೆನರಾ ಹೆಣ್ಣುಮಕ್ಕಳ ಪ್ರೌಢಶಾಲೆ ೧೮೯೪ರಲ್ಲಿಯೂ ಬೆಸೆಂಟ್ ಬಾಲಿಕಾ ಶಾಲೆ ೧೯೧೮ರಲ್ಲಿಯೂ ಸಂತ ಆಗ್ನೆಸ್ ಮಹಿಳಾ ಕಾಲೇಜು ೧೯೨೧ರಲ್ಲಿಯೂ ಆರಂಭವಾದವು. ಈ ನಾಡಿನ ಹೆಣ್ಣುಮಕ್ಕಳ ಬಾಳಿನಲ್ಲಿ ಇದಕ್ಕಿಂತ ಶುಭಕರವಾದ ಬದಲಾವಣೆ ಬೇರೊಂದಿಲ್ಲ. ಆದರೆ ಶಾಲೆಯ ವೇಳಾಪಟ್ಟಿಯನ್ನು ರಚಿಸಿದವರು ನೀಳಗೂದಲಿನವರಲ್ಲ. ಗಂಡುಹುಡುಗನ ಕತ್ತರಿಸಿದ ಕೂದಲು ಶಾಲೆಗೆ ನಡೆದು ಬರುವಷ್ಟರಲ್ಲಿ ಆರುತ್ತದೆ. ಹುಡುಗಿಯ ಜಡೆ ಸಂಜೆಯವರೆಗೂ ಆರದು. ಒಂದೇ ಗಂಟೆ ಇಬ್ಬರಿಗೂ ಬಾರಿಸಿದರೂ ಇಬ್ಬರ ಬೆಳಗೂ ಒಂದೇ ಆಗಿರ��ಿಲ್ಲ. ಬಿಟ್ಟ ಕೂದಲಿನಲ್ಲಿ ಹೊರಗೆ ಹೋಗುವುದು ಅಮಂಗಳವೆಂಬ ಭಾವನೆ ಬಲವಾಗಿದ್ದ ಸಮಾಜದಲ್ಲಿ, ಹಸಿಗೂದಲನ್ನೇ ಹೆಣೆದು ಕಟ್ಟಿಕೊಂಡು ಹೊರಡುವುದಲ್ಲದೆ ಆಕೆಗೆ ಬೇರೆ ದಾರಿಯಿರಲಿಲ್ಲ.

ಇದೇ ಕಾಲದಲ್ಲಿ ತೊಳೆಯುವ ವಸ್ತುವೂ ಬದಲಾಯಿತು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆ ಸ್ಥಾಪಿತವಾದ ಹೊತ್ತಿಗೆ ಸಾಬೂನು ಪಟ್ಟಣದ ಮನೆಗಳಿಗೆ ಅಪರಿಚಿತವಾಗಿರಲಿಲ್ಲ. ಅಂಟುವಾಳವನ್ನು ನೆನೆಹಾಕಿ, ಕಿವುಚಿ, ಸೋಸುವ ಕೆಲಸವನ್ನು ಸಾಬೂನು ಉಳಿಸಿತು. ಮೈಗೆ ಒಳ್ಳೆಯದೇ ಆದ ಸಾಬೂನು ಕ್ಷಾರಗುಣದಿಂದ ಕೂದಲಿನ ಹೆಂಚುಗಳನ್ನು ಎಬ್ಬಿಸಿತು, ಜಿಡ್ಡನ್ನು ಪೂರ್ಣವಾಗಿ ಒಯ್ದಿತು. ಸೋಸ್ಯೂರನು ಯಂತ್ರಕ್ಕಾಗಿ ಮಾಡಿದ ಸಿದ್ಧತೆಯನ್ನು, ಅಷ್ಟು ತೀವ್ರವಾಗಿ ಅಲ್ಲದಿದ್ದರೂ, ವಾರವಾರವೂ ತಲೆಯ ಮೇಲೆ ಮಾಡಿದಂತಾಯಿತು.

ಆಮೇಲೆ ಬಂದುದು ಶಾಂಪೂ. ಈ ಪದದ ಪಯಣವೇ ಸ್ವಾರಸ್ಯಕರವಾಗಿದೆ. ಒತ್ತು, ಅದುಮು ಎಂಬರ್ಥದ ಹಿಂದಿ ಧಾತುವಿನಿಂದ ಹೊರಟು, ಮೈಯೊತ್ತುವುದೆಂಬ ಅರ್ಥದಲ್ಲಿ ಅದು ಇಂಗ್ಲಿಷಿಗೆ ಹೋಯಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬಿಹಾರ ಮೂಲದ ಶೇಖ್ ದೀನ್ ಮಹಮದ್ ಎಂಬವರು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಇಂಥ ಸ್ನಾನಗೃಹವನ್ನು ನಡೆಸಿ ಖ್ಯಾತರಾದರು. ತಲೆ ತೊಳೆಯುವುದೆಂಬ ಅರ್ಥ ಅದಕ್ಕೆ ಬಂದುದು ಆ ಶತಮಾನದ ಉತ್ತರಾರ್ಧದಲ್ಲಿ. ತಿರುಗಿ ನಮ್ಮ ನಾಡಿಗೆ ಬಂದಾಗ ಅದು ಸೀಸೆಯಲ್ಲಿತ್ತು. ೧೯೮೦ರ ದಶಕದಲ್ಲಿ ಒಂದೆರಡು ರೂಪಾಯಿಯೊಳಗಿನ ಸಣ್ಣ ಪೊಟ್ಟಣಗಳಲ್ಲಿ ಹಳ್ಳಿಯ ಅಂಗಡಿಗೂ ಹರಡಿತು. ಶಾಂಪೂ ಸಾಬೂನಿನಷ್ಟು ಕ್ಷಾರೀಯವಲ್ಲವೆಂಬುದು ನಿಜ. ಆದರೆ ಸ್ನಾನಕ್ಕೆ ಮೊದಲಿನ ಎಣ್ಣೆ ಪಟ್ಟಣಗಳಲ್ಲಿ ಕ್ರಮೇಣ ಬಿಟ್ಟುಹೋಯಿತು. ಬಣ್ಣ ಹಾಕುವುದು, ರಾಸಾಯನಿಕಗಳಿಂದ ಕೂದಲನ್ನು ನೇರಗೊಳಿಸುವುದು ಮುಂತಾದ ಹೊಸ ರೂಢಿಗಳು ಹೊರಪೊರೆಯ ಲೇಪವನ್ನು ಇನ್ನಷ್ಟು ಕೆಡಿಸಿದವು.

ಆರಿಸುವ ಯಂತ್ರವೂ ಬಾರದೆ ಇರಲಿಲ್ಲ. ಫ್ರಾನ್ಸಿನ ಗಾಡ್‌ಫ್ರುವಾ ಎಂಬ ಕ್ಷೌರಕಲಾವಿದನು ೧೮೯೦ರ ಹೊತ್ತಿಗೆ ಮೊದಲ ಯಂತ್ರವನ್ನು ರಚಿಸಿದನು. ಕೈಯಲ್ಲಿ ಹಿಡಿಯುವ ವಿದ್ಯುತ್ ಯಂತ್ರಗಳು ೧೯೨೦ರ ದಶಕದಲ್ಲಿ ಮಾರಾಟಕ್ಕೆ ಬಂದವು. ತತ್ತ್ವದಲ್ಲಿ ಇದು ಬಚ್ಚಲ ಒಲೆಯ ಕೆಂಡವೇ, ಹೊಗೆಯಿಲ್ಲ ಎಂಬುದೊಂದೇ ಭೇದ. ಬಿಸಿಗಾಳಿ ಕೂದಲಿಗೆ ಕೇಡೆಂಬ ಮಾತು ಸಾಮಾನ್ಯವಾಗಿದೆ. ೨೦೧೧ರಲ್ಲಿ ಕೊರಿಯಾದ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯ ಫಲ ಇಲ್ಲಿ ವಿಚಾರಾರ್ಹವಾಗಿದೆ. ಯಂತ್ರವನ್ನು ತೀರ ಸಮೀಪದಿಂದ ಹಿಡಿದಾಗ ಕೂದಲಿನ ಮೇಲ್ಮೈ ಹೆಚ್ಚು ಕೆಟ್ಟಿತು. ಆದರೆ ತಾನಾಗಿ ಆರಲು ಬಿಟ್ಟ ಕೂದಲಿನಲ್ಲಿ, ಬಹಳ ಹೊತ್ತು ಹಸಿಯಾಗಿದ್ದ ಕಾರಣ, ಬಿಲ್ಲೆಗಳನ್ನು ಕೂಡಿಸುವ ಒಳಬೆಸುಗೆಗೆ ಹಾನಿಯಾಯಿತು. ಸುಮಾರು ಹದಿನೈದು ಸೆಂಟಿಮೀಟರು ದೂರದಿಂದ, ಅತ್ತಿತ್ತ ಆಡಿಸುತ್ತ ಬಳಸಿದ ಬಿಸಿಗಾಳಿ ಒಟ್ಟಿನಲ್ಲಿ ಕಡಿಮೆ ಹಾನಿಕರವೆಂದು ಅವರ ನಿರ್ಣಯ. ದೀರ್ಘಕಾಲದ ಹಸಿಯೇ ಒಂದು ಕೇಡು. ಕೆಟ್ಟ ಕೂದಲು ಮತ್ತೆ ಹೆಚ್ಚು ಕಾಲ ಹಸಿಯಾಗಿರುತ್ತದೆ. ಮಳೆಗಾಲದ ಬೆಳಿಗ್ಗೆ ಹಸಿಗೂದಲನ್ನು ಹೆಣೆದು ಹೊರಡುವ ಹುಡುಗಿಯ ಜಡೆಯಲ್ಲಿ ನಡೆಯುತ್ತಿರುವುದು ಈ ಚಕ್ರವೇ.

ಹಸಿತಲೆಯಿಂದ ಶೀತವಾಗುತ್ತದೆಂಬ ಹಿರಿಯರ ಎಚ್ಚರಿಕೆಯ ಬಗ್ಗೆಯೂ ಒಂದು ಮಾತು. ನೆಗಡಿಗೆ ಕಾರಣ ವೈರಾಣುಗಳು, ಒದ್ದೆ ಕೂದಲಲ್ಲ. ಆದರೆ ಆ ಎಚ್ಚರಿಕೆ ಮಕ್ಕಳನ್ನು ಆರಿಸಿಕೊಂಡೇ ಹೊರಡುವಂತೆ ಮಾಡುತ್ತಿತ್ತು. ಕಾರಣ ತಪ್ಪಾಗಿದ್ದರೂ ಕಾರ್ಯ ಹಿತವಾಗಿತ್ತು.

೮

ಮೇಲ್ಕಂಡ ವಿವೇಚನೆಯಿಂದ ಫಲಿಸುವುದಿಷ್ಟು. ಕೂದಲು ಆರುವ ಕಾಲವನ್ನು ನಿರ್ಣಯಿಸುವುದು ಕೂದಲಿನ ಒತ್ತು, ನವಿರು, ಸುರುಳಿ, ಉದ್ದಗಳು. ಅದರ ಹೊರಪೊರೆಯ ಸ್ಥಿತಿ. ಸುತ್ತಣ ಗಾಳಿಯ ತೇವ ಮತ್ತು ಉಷ್ಣತೆ. ಕರಾವಳಿಯ ಹಳೆಯ ಪದ್ಧತಿ ಇವುಗಳಲ್ಲಿ ಮನುಷ್ಯನ ಕೈಯಲ್ಲಿರುವವುಗಳನ್ನು ಆಯ್ದುಕೊಂಡು, ಎಣ್ಣೆಯಿಂದ ತೊಡಗಿ ಕೆಂಡದವರೆಗೆ ಒಂದು ಕ್ರಮವನ್ನು ಕಟ್ಟಿತ್ತು. ಆ ಕ್ರಮಕ್ಕೆ ಆಧಾರವಾಗಿದ್ದುದು ಬಿಡುವು. ಬಿಡುವು ಎಲ್ಲರಿಗೂ ಇರಲಿಲ್ಲ. ಇದ್ದವರಿಗೂ ಕಾಲಕ್ರಮದಲ್ಲಿ ಹೋಯಿತು. ಹೆಣ್ಣುಮಕ್ಕಳು ಪಡೆದ ವಿದ್ಯೆ, ಉದ್ಯೋಗಗಳನ್ನು ಮೂರು ಗಂಟೆಯ ಧೂಪಕ್ಕಾಗಿ ಬಿಟ್ಟುಕೊಡಬೇಕೆಂದು ಯಾರೂ ಹೇಳರು. ಆದರೆ ಬೆಳಗಿನ ಅವಸರದ ಬದಲು ಸಂಜೆಗೆ ಸ್ನಾನವನ್ನು ಸರಿಸುವುದು, ತೊಳೆಯುವ ಮೊದಲು ತುಸು ತೆಂಗಿನೆಣ್ಣೆ ಹಚ್ಚುವುದು, ಹಸಿಗೂದಲನ್ನು ಹೆಣೆಯದಿರುವುದು, ಇವು ಇಂದಿನ ದಿನಚರಿಯಲ್ಲಿಯೂ ಅಸಾಧ್ಯವಲ್ಲ.

ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಎಣ್ಣೆ ಹಚ್ಚಿದ ಮತ್ತು ಹಚ್ಚದ ಕೂದಲಿನ ಸಮತೂಕದ ಕುಚ್ಚುಗಳನ್ನು ನೆನೆಸಿ, ಸೂಕ್ಷ್ಮ ತಕ್ಕಡಿಯಲ್ಲಿ ಹತ್ತು ಹತ್ತು ನಿಮಿಷಕ್ಕೆ ತೂಗಿದರೆ, ಆಟಿಯಲ್ಲಿಯೂ ಪುಯಿಂತೆಲಿನಲ್ಲಿಯೂ ಅವು ಆರುವ ಕ್ರಮವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಅಳೆಯಬಹುದು. ಚರಿತ್ರೆಯ ವಿದ್ಯಾರ್ಥಿಗಳ ಕೆಲಸ ಇನ್ನೂ ತುರ್ತಿನದು. ಅಂಟುವಾಳ ನೆನೆಹಾಕಿದ, ಬಚ್ಚಲ ಒಲೆಯ ಮುಂದೆ ಕುಳಿತ, ಕಾರ್ಖಾನೆಯ ಗಂಟೆಗೆ ಓಡಿದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರ ಮಾತನ್ನು ಅವರವರ ನುಡಿಯಲ್ಲಿಯೇ, ತುಳುವಿರಲಿ, ಕೊಂಕಣಿಯಿರಲಿ, ಬ್ಯಾರಿಯಿರಲಿ, ಕನ್ನಡವಿರಲಿ, ಬರೆದಿಟ್ಟುಕೊಳ್ಳಬೇಕು. ಬಚ್ಚಲುಮನೆಯ ಪದಗಳಿಗೆ ನಿಘಂಟಿನಲ್ಲಿ ಸ್ಥಾನ ಕೊಟ್ಟ ಊರಿಗೆ ಈ ಕೆಲಸ ಪರಕೀಯವಾಗದು.